ಬೆಳಕು ಎಷ್ಟಿದೆ ಅಂತ ಮಾತ್ರವಲ್ಲ, ಎಂಥದ್ದು ಅಂತಲೂ ಕೇಳೋಣ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಸಂಸ್ಥೆಯ ಪರವಾಗಿ ನೀಡಿದ ಮಾತು. ಆ ದಿನ ಬರಲಾಗದ ಸದಸ್ಯೆಯರಿಗೂ ತಲುಪಲಿ, ಸಂಘದ ವಾರದ ಸಭೆಯಲ್ಲಿ ಒಬ್ಬರು ಓದಿ ಉಳಿದವರು ಕೇಳಲಿ ಎಂದು ಇಲ್ಲಿ ಅಚ್ಚು ಮಾಡಿದ್ದೇವೆ.)

ಪ್ರೀತಿಯ ಸಹೋದರಿಯರೇ,

ಮನೆ ಕೆಲಸ, ಕೂಲಿ ಕೆಲಸ ಎಲ್ಲವನ್ನೂ ಬದಿಗಿಟ್ಟು ಇಷ್ಟು ದೂರ ಬಂದಿದ್ದೀರಿ. ನಿಮ್ಮ ಸಮಯಕ್ಕೆ ಬೆಲೆ ಇದೆ ಅಂತ ನಮಗೆ ಗೊತ್ತು. ಅದಕ್ಕೆ ನೇರವಾಗಿ ವಿಷಯಕ್ಕೆ ಬರ್ತೀವಿ.

ಯೇಸುಸ್ವಾಮಿ ಹೇಳಿದ ಒಂದು ಕಥೆ ಲೂಕನ ಶುಭಸಂದೇಶದಲ್ಲಿದೆ. ಒಬ್ಬ ಹೆಂಗಸಿನ ಹತ್ತಿರ ಹತ್ತು ಬೆಳ್ಳಿ ನಾಣ್ಯ ಇದ್ದವು. ಒಂದು ಕಳೆದುಹೋಯಿತು. ಆಗ ಅವಳು ಮೊದಲು ಏನು ಮಾಡಿದಳು? ಮಕ್ಕಳನ್ನು ಬೈದಳಾ? ಪಕ್ಕದ ಮನೆಯವರ ಮೇಲೆ ಅನುಮಾನ ಪಟ್ಟಳಾ? ಇಲ್ಲ. ಮೊದಲು ದೀಪ ಹಚ್ಚಿದಳು. ಆಮೇಲೆ ಮನೆ ಗುಡಿಸಿ ಹುಡುಕಿದಳು. ನಾಣ್ಯ ಸಿಕ್ಕಿದ ಮೇಲೆ ಗೆಳತಿಯರನ್ನೂ ನೆರೆಹೊರೆಯವರನ್ನೂ ಕರೆದು ಸಂತೋಷಪಟ್ಟಳು. ಉಳಿತಾಯದ ಒಂದೊಂದು ರೂಪಾಯಿಗೂ ಲೆಕ್ಕ ಇಡುವ ನಮ್ಮ ಸಂಘದ ಹೆಂಗಸರಿಗೆ ಈ ಕಥೆ ಚೆನ್ನಾಗಿ ಅರ್ಥವಾಗುತ್ತದೆ. ಇವತ್ತು ನಾವು ಮಾತಾಡುವುದು ಆ ಕಥೆಯ ದೀಪದ ಬಗ್ಗೆ. ನಾವು ಹಚ್ಚಿಕೊಂಡು ಕೂರುವ ದೀಪ ನಮಗೆ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತಿದೆಯಾ?

ಹದಿನಾಲ್ಕು ಸೀರೆಗಳ ಕಥೆ

ನಮ್ಮ ಒಕ್ಕೂಟದ ಒಂದು ಸಂಘದಲ್ಲಿ ಆರು ಜನ ಸೇರಿ ಸೀರೆಗೆ ಫಾಲ್ ಹೊಲಿಯುವ, ಕುಚ್ಚು ಕಟ್ಟುವ ಕೆಲಸ ಮಾಡುತ್ತಾರೆ. ಹಗಲು ತೋಟದ ಕೆಲಸ, ಮನೆ ಕೆಲಸ. ರಾತ್ರಿ ಊಟ ಮುಗಿಸಿ ಒಂದು ಕೋಣೆಯಲ್ಲಿ ಕೂತು ಕುಚ್ಚು ಕಟ್ಟುತ್ತಾರೆ. ಮದುವೆ ಸೀಸನ್‌ನಲ್ಲಿ ಪೇಟೆಯ ಒಂದು ಬಟ್ಟೆ ಅಂಗಡಿಯಿಂದ ಮರೂನ್ ಬಣ್ಣದ ಹದಿನಾಲ್ಕು ಸೀರೆಗಳ ಆರ್ಡರ್ ಬಂತು. ಎಲ್ಲರೂ ಖುಷಿಯಿಂದ ನಿದ್ದೆಗೆಟ್ಟು ಮುಗಿಸಿಕೊಟ್ಟರು.

ನಾಲ್ಕನೇ ದಿನ ಸೀರೆಗಳು ವಾಪಸ್ಸು ಬಂದವು. ಸೆರಗಿನ ಬಣ್ಣ ಮರೂನ್, ಕುಚ್ಚಿನ ದಾರ ಕಾಫಿಪುಡಿ ಬಣ್ಣ ಅಂತ ಅಂಗಡಿಯವರ ದೂರು. ಹಗಲಲ್ಲಿ ನೋಡಿದರೆ ನಿಜವೇ, ಒಂದಕ್ಕೊಂದು ಸೇರುತ್ತಲೇ ಇರಲಿಲ್ಲ. ಎಲ್ಲ ಬಿಚ್ಚಿ, ಬೇರೆ ದಾರ ತಂದು, ಕೂಲಿ ಇಲ್ಲದೆ ಮತ್ತೆ ಕಟ್ಟಿಕೊಡಬೇಕಾಯಿತು.

ದುಡ್ಡು ಹೋದದ್ದು ಒಂದು ಕಡೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಆಯಿತು. ದಾರ ಆರಿಸಿದ್ದು ಸಂಘದಲ್ಲೇ ಹಿರಿಯರು, ಎಲ್ಲರೂ 'ಅಕ್ಕ' ಅಂತ ಕರೆಯುವವರು. 'ಅಕ್ಕನಿಗೆ ಕಣ್ಣು ಮಂಜಾಗಿದೆ, ಬಣ್ಣ ಗೊತ್ತಾಗೋದಿಲ್ಲ' ಅಂತ ಒಬ್ಬರು ಅಂದರು. 'ಹೇಳಿದ್ರೆ ಕೇಳೋರು ಯಾರು' ಅಂತ ಇನ್ನೊಬ್ಬರು. ಅಕ್ಕ ಎರಡು ವಾರ ಸಭೆಗೆ ಬರಲಿಲ್ಲ. ಮೂರನೇ ವಾರ, ತನ್ನ ಉಳಿತಾಯದ ಹಣ ಲೆಕ್ಕ ಮಾಡಿ ವಾಪಸ್ಸು ಕೊಡಿ, ಸಂಘ ಬಿಡ್ತೀನಿ ಅಂತ ಹೇಳಿ ಕಳಿಸಿದರು.

ನಮ್ಮ ಪ್ರೇರಕಿ ಅವರ ಮನೆಗೆ ಹೋದಾಗ ಅಕ್ಕ ಉಳಿದ ದಾರದ ರೀಲನ್ನೂ ಸೀರೆಯ ಒಂದು ತುಂಡನ್ನೂ ತಂದು ಮುಂದಿಟ್ಟರು. 'ನಾನು ನೋಡಿದಾಗ ಎರಡೂ ಒಂದೇ ಬಣ್ಣ ಇತ್ತಮ್ಮ, ಸುಳ್ಳು ಹೇಳೋದಿಲ್ಲ' ಅಂದರು. ಆ ರಾತ್ರಿ ಅದೇ ಕೋಣೆಯಲ್ಲಿ, ಅದೇ ದೀಪದ ಅಡಿಯಲ್ಲಿ ಎಲ್ಲರೂ ಸೇರಿ ಮತ್ತೆ ನೋಡಿದೆವು. ಹೌದು, ಎರಡೂ ಒಂದೇ! ಇಪ್ಪತ್ತು ವರ್ಷದ ಹುಡುಗಿಯ ಕಣ್ಣಿಗೂ ಒಂದೇ. ಬೆಳಿಗ್ಗೆ ಅಂಗಳಕ್ಕೆ ತಂದರೆ ಬೇರೆ ಬೇರೆ.

ತಪ್ಪು ಅಕ್ಕನ ಕಣ್ಣಿನದಲ್ಲ, ದೀಪದ್ದು. ಆ ದೀಪ ಕೊಡಿಸಿದವರು ಯಾರು? ನಾವೇ. ನಮ್ಮ ಸಂಸ್ಥೆಯೇ. 'ಬೆಳ್ಳಗೆ ಚೆನ್ನಾಗಿ ಬೆಳಗುತ್ತದೆ, ಕರೆಂಟು ಕಡಿಮೆ, ಬೆಲೆಯೂ ಕಡಿಮೆ' ಅಂತ ನೋಡಿ ತಂದೆವು. ಎಷ್ಟು ಬೆಳಕು ಅಂತ ಕೇಳಿದೆವು, ಎಂಥ ಬೆಳಕು ಅಂತ ಕೇಳಲಿಲ್ಲ. ಈ ಮಾತನ್ನು ನಿಮ್ಮ ಮುಂದೆ ಒಪ್ಪಿಕೊಂಡೇ ಮುಂದಿನದನ್ನು ಹೇಳ್ತೀವಿ.

ಬೆಳಕಿನೊಳಗೆ ಏನಿದೆ?

ಕಾಮನಬಿಲ್ಲು ನೋಡದವರು ಯಾರೂ ಇಲ್ಲ. ಬಿಳಿ ಬಿಸಿಲಿನೊಳಗೆ ನೇರಳೆಯಿಂದ ಕೆಂಪಿನವರೆಗೆ ಎಲ್ಲ ಬಣ್ಣ ಇದೆ. ಮಳೆಹನಿ ಅದನ್ನು ಬಿಡಿಸಿ ತೋರಿಸುತ್ತದೆ. ಇಂಗ್ಲೆಂಡಿನ ಐಸಾಕ್ ನ್ಯೂಟನ್ 1666ರ ಹೊತ್ತಿಗೆ ಗಾಜಿನ ಪಟ್ಟಕದಿಂದ ಇದನ್ನೇ ಮಾಡಿ ತೋರಿಸಿದರು. ಹೀಗೆ ಬಿಡಿಸಿದ ಬಣ್ಣಗಳ ಸಾಲಿಗೆ ವರ್ಣಪಟಲ ಅನ್ನುತ್ತಾರೆ. ಪ್ರತಿ ಬಣ್ಣಕ್ಕೂ ಒಂದು ಅಲೆಯ ಉದ್ದ ಇದೆ, ಅದನ್ನು ಅಳೆಯುವುದು ನ್ಯಾನೋಮೀಟರಿನಲ್ಲಿ. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್. ಸುಮಾರು 400ರ ಹತ್ತಿರ ನೇರಳೆ, 450ರ ಹತ್ತಿರ ನೀಲಿ, 550ರ ಹತ್ತಿರ ಹಸಿರು, 600 ದಾಟಿದರೆ ಕಿತ್ತಳೆ-ಕೆಂಪು, 700ರ ಹತ್ತಿರ ಕಡುಗೆಂಪು ಮುಗಿಯುತ್ತದೆ.

ಇನ್ನೊಂದು ಮಾತು. ದಾರಕ್ಕೆ ತನ್ನದೇ ಬೆಳಕಿಲ್ಲ. ಅದರ ಮೇಲೆ ಬಿದ್ದ ಬೆಳಕಿನಲ್ಲಿ ಕೆಲವು ಬಣ್ಣ ನುಂಗಿ, ಉಳಿದದ್ದನ್ನು ವಾಪಸ್ಸು ಕೊಡುತ್ತದೆ. ವಾಪಸ್ಸು ಬಂದದ್ದೇ ನಮಗೆ ಕಾಣುವ ಬಣ್ಣ. ಕೆಂಪು ದಾರ ಕೆಂಪನ್ನು ವಾಪಸ್ಸು ಕೊಡಬೇಕಾದರೆ ಮೊದಲು ದೀಪದಿಂದ ಕೆಂಪು ಬರಬೇಕಲ್ವಾ? ಕೊಡುವವನ ಕೈಯಲ್ಲೇ ಇಲ್ಲದಿದ್ದರೆ ತೆಗೆದುಕೊಂಡವಳು ಏನನ್ನು ತೋರಿಸುತ್ತಾಳೆ?

ಇದನ್ನು ಸಾರಿನ ಪುಡಿಗೆ ಹೋಲಿಸಬಹುದು. ಎರಡು ಡಬ್ಬಿಯಲ್ಲಿ ಎರಡು ಪುಡಿ, ನೋಡಲಿಕ್ಕೆ ಒಂದೇ ಬಣ್ಣ. ಒಂದರಲ್ಲಿ ಕೊತ್ತಂಬರಿ, ಜೀರಿಗೆ, ಮೆಂತ್ಯ, ಮೆಣಸು ಎಲ್ಲ ಹದವಾಗಿದೆ. ಇನ್ನೊಂದರಲ್ಲಿ ಮೆಂತ್ಯವೇ ಇಲ್ಲ. ಸಾರು ಕುದಿಸಿದಾಗ ವ್ಯತ್ಯಾಸ ಗೊತ್ತಾಗುತ್ತದೆ. ಹಾಗೆಯೇ ಎರಡು ದೀಪ ಕಣ್ಣಿಗೆ ಒಂದೇ ಬಿಳುಪಾಗಿ ಕಾಣಬಹುದು, ಒಳಗಿನ ಸಾಮಾನು ಬೇರೆ ಇರಬಹುದು. ಬಟ್ಟೆಯ ಮೇಲೆ ಬಿದ್ದಾಗ ಗೊತ್ತಾಗುತ್ತದೆ.

ಒಂದೊಂದು ದೀಪದ್ದು ಒಂದೊಂದು ಗುಣ

ಹಳೆಯ ತಂತಿ ಬಲ್ಬು ತಂತಿಯನ್ನು ಕಾಯಿಸಿ ಬೆಳಕು ಕೊಡುತ್ತಿತ್ತು. ಅದರಲ್ಲಿ ಎಲ್ಲ ಬಣ್ಣವೂ ಸಾಲಾಗಿ ಇರುತ್ತದೆ, ಆದರೆ ಕೆಂಪು ಜಾಸ್ತಿ, ನೀಲಿ ಕಡಿಮೆ. ಅದಕ್ಕೇ ಆ ಬಲ್ಬಿನಡಿ ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಟ್ಯೂಬ್‌ಲೈಟ್ ಮತ್ತು ಸಿಎಫ್‌ಎಲ್ ಒಳಗೆ ಪಾದರಸದ ಆವಿ ಇದೆ. ಅದರಲ್ಲಿ ಬಣ್ಣಗಳು ಸಾಲಾಗಿ ಬರದೆ ಅಲ್ಲೊಂದು ಇಲ್ಲೊಂದು ಗೆರೆಯಾಗಿ ಬರುತ್ತವೆ.

ಈಗ ಎಲ್ಲ ಕಡೆ ಇರುವುದು ಎಲ್‌ಇಡಿ. ಕೇಂದ್ರ ಸರ್ಕಾರ 2015ರಲ್ಲಿ ಶುರುಮಾಡಿ, ಮುಂದೆ ಉಜಾಲ ಅಂತ ಹೆಸರಾದ ಯೋಜನೆಯಿಂದ ಕಡಿಮೆ ಬೆಲೆಗೆ ಹಳ್ಳಿ ಹಳ್ಳಿಗೂ ಎಲ್‌ಇಡಿ ಬಲ್ಬು ಬಂತು. ಒಳ್ಳೆಯದೇ ಆಯಿತು. ಲೆಕ್ಕ ಹಾಕಿ ನೋಡಿ: 60 ವ್ಯಾಟಿನ ತಂತಿ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. 9 ವ್ಯಾಟಿನ ಎಲ್‌ಇಡಿ ಅಷ್ಟೇ ಹೊತ್ತು ಉರಿದರೆ ಒಂದೂವರೆ ಯೂನಿಟ್ಟೂ ಆಗುವುದಿಲ್ಲ. ಹಾಗಾಗಿ ಎಲ್‌ಇಡಿ ಬೇಡ ಅಂತ ನಾವು ಖಂಡಿತ ಹೇಳುತ್ತಿಲ್ಲ. ಎಂಥ ಎಲ್‌ಇಡಿ ಅನ್ನುವುದೇ ಪ್ರಶ್ನೆ.

ಬಿಳಿ ಎಲ್‌ಇಡಿ ನಿಜವಾಗಿ ನೀಲಿ ದೀಪ. ಈ ನೀಲಿ ಎಲ್‌ಇಡಿ ಮಾಡಿದ್ದಕ್ಕೆ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶೂಜಿ ನಕಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂತು. ಆ ನೀಲಿ ದೀಪದ ಮೇಲೆ ಹಳದಿ ಪುಡಿಯ ಲೇಪ ಇರುತ್ತದೆ. ನೀಲಿಯಲ್ಲಿ ಒಂದು ಭಾಗ ಹಾಗೇ ಹೊರಬರುತ್ತದೆ, ಉಳಿದದ್ದನ್ನು ಪುಡಿ ಹಳದಿಯಾಗಿ ಬದಲಾಯಿಸುತ್ತದೆ. ಎರಡೂ ಸೇರಿ ಕಣ್ಣಿಗೆ ಬಿಳಿ. ಮೊಬೈಲಿನ ಟಾರ್ಚ್ ಆರಿಸಿ ಹತ್ತಿರದಿಂದ ನೋಡಿ, ಒಳಗೆ ಹಳದಿ ಚುಕ್ಕೆ ಕಾಣುತ್ತದೆ. ಅದೇ ಆ ಪುಡಿ. ಅಗ್ಗದ ಎಲ್‌ಇಡಿಯಲ್ಲಿ ನೀಲಿ ಜೋರಾಗಿರುತ್ತದೆ, ಹಳದಿ-ಹಸಿರು ಸಾಕಷ್ಟಿರುತ್ತದೆ, ಕಡುಗೆಂಪು ಮಾತ್ರ ತೀರಾ ಕಡಿಮೆ. ಮರೂನಿಗೂ ಕಾಫಿಪುಡಿ ಬಣ್ಣಕ್ಕೂ ಇರುವ ವ್ಯತ್ಯಾಸವೇ ಆ ಕೆಂಪಿನಲ್ಲಿ. ಕೆಂಪೇ ಇಲ್ಲದ ಮೇಲೆ ವ್ಯತ್ಯಾಸ ಎಲ್ಲಿ ಕಾಣಬೇಕು? ಅಕ್ಕನ ಕಣ್ಣು ಇದ್ದದ್ದನ್ನೇ ಕಂಡಿತ್ತು.

ಎರಡು ಪ್ರಶ್ನೆ, ಎರಡು ಅಳತೆ

ಬೆಳಕು ಎಷ್ಟು ಅನ್ನುವುದಕ್ಕೆ ಲಕ್ಸ್ ಎಂಬ ಅಳತೆ ಇದೆ. ಒಂದು ಮೇಣದ ಬತ್ತಿಯಿಂದ ಒಂದು ಮೀಟರ್ ದೂರದಲ್ಲಿ ಬೀಳುವ ಬೆಳಕು ಹೆಚ್ಚುಕಡಿಮೆ ಒಂದು ಲಕ್ಸ್. ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಹೊಲಿಗೆ ಕೆಲಸದ ಜಾಗದಲ್ಲಿ 750 ಲಕ್ಸ್, ಬಣ್ಣ ಪರೀಕ್ಷಿಸುವ ಜಾಗದಲ್ಲಿ 1000 ಲಕ್ಸ್ ಇರಬೇಕು ಅಂತ ಯುರೋಪಿನ ಮಾನದಂಡ ಹೇಳುತ್ತದೆ. ನಮ್ಮ ಕೋಣೆಗಳಲ್ಲಿ ಸೂರಿಗೆ ಕಟ್ಟಿದ ಒಂದು 9 ವ್ಯಾಟ್ ಬಲ್ಬಿನಿಂದ ಕೂತ ಜಾಗದಲ್ಲಿ ನೂರು ಲಕ್ಸ್ ಸಿಗುವುದೂ ಕಷ್ಟ.

ಬೆಳಕು ಎಂಥದ್ದು ಅನ್ನುವುದಕ್ಕೆ ಸಿ.ಆರ್.ಐ. ಎಂಬ ಅಂಕ ಇದೆ. ಬಣ್ಣವನ್ನು ಎಷ್ಟು ಪ್ರಾಮಾಣಿಕವಾಗಿ ತೋರಿಸುತ್ತದೆ ಅಂತ ಅದಕ್ಕೆ 100ರಲ್ಲಿ ಮಾರ್ಕು ಕೊಟ್ಟ ಹಾಗೆ. ಸಾಮಾನ್ಯ ಎಲ್‌ಇಡಿಗೆ 80ರ ಆಸುಪಾಸು. ಬಣ್ಣದ ಕೆಲಸಕ್ಕೆ 90 ಅಥವಾ ಹೆಚ್ಚು ಬೇಕು. ಆದರೆ ಇದರಲ್ಲೊಂದು ಗುಟ್ಟಿದೆ. ಈ ಮಾರ್ಕು ಕೊಡುವುದು ತಿಳಿಯಾದ ಎಂಟು ಬಣ್ಣಗಳನ್ನು ಪರೀಕ್ಷಿಸಿ. ಗಾಢ ಕೆಂಪು ಆ ಎಂಟರಲ್ಲಿ ಇಲ್ಲ. ಅದನ್ನು ಆರ್9 ಅಂತ ಬೇರೆಯಾಗಿ ಲೆಕ್ಕ ಹಾಕುತ್ತಾರೆ. ಅಂದರೆ ಪರೀಕ್ಷೆಯಲ್ಲಿ ಪಾಸಾದ ದೀಪವೂ ಮರೂನ್ ಸೀರೆಯ ಮುಂದೆ ಫೇಲಾಗಬಹುದು.

ಪೊಟ್ಟಣದ ಮೇಲೆ ಬರೆದಿರುವ 2700, 4000, 6500 ಅನ್ನುವ ಅಂಕೆ ಬೇರೆ. ಅದು ಬೆಳಕು ಹಳದಿ ಛಾಯೆಯದ್ದೋ ನೀಲಿ ಛಾಯೆಯದ್ದೋ ಅಂತ ಹೇಳುತ್ತದೆ, ಅಷ್ಟೇ. ಅಂಕೆ ದೊಡ್ಡದಾದರೆ ಬೆಳಕು ಒಳ್ಳೆಯದು ಅಂತ ಅರ್ಥ ಅಲ್ಲ. ನಾವು ಮೋಸಹೋದದ್ದು ಇಲ್ಲೇ.

ಚಿಕ್ಕ ಸೆನ್ಸರ್ ಮಾಡುವ ಕೆಲಸ

ಬೆಳಕನ್ನು ಬಿಡಿಸಿ ಅಳೆಯುವ ಯಂತ್ರ ಪ್ರಯೋಗಾಲಯಗಳಲ್ಲಿ ಬಹಳ ಕಾಲದಿಂದ ಇದೆ. ಒಳ್ಳೆಯದಕ್ಕೆ ಲಕ್ಷಗಟ್ಟಲೆ ಬೆಲೆ. ಆದರೆ ಈಗ ಕಾಲ ಬದಲಾಗಿದೆ. ಎಎಸ್7341 ಎಂಬ ಒಂದು ಸೆನ್ಸರ್ ಇದೆ. ಮಾಡಿದ್ದು ಆಸ್ಟ್ರಿಯಾ ದೇಶದ ಕಂಪನಿ. ಉದ್ದ ಮೂರು ಮಿಲಿಮೀಟರ್, ಅಗಲ ಎರಡು ಮಿಲಿಮೀಟರ್, ಅಂದರೆ ಒಂದು ಅಕ್ಕಿ ಕಾಳಿಗಿಂತ ಚಿಕ್ಕದು! ತಂತಿ ಜೋಡಿಸಲು ಅನುಕೂಲವಾಗುವ ಹಾಗೆ ಪುಟ್ಟ ಬೋರ್ಡಿನ ಮೇಲೆ ಕೂರಿಸಿ ಮಾರುತ್ತಾರೆ. ಬೆಲೆ ಎರಡು ಸಾವಿರ ರೂಪಾಯಿಯ ಆಸುಪಾಸು.

ಅದರೊಳಗೆ ಬಣ್ಣ ಗುರುತಿಸುವ ಎಂಟು ಪುಟ್ಟ ಕಿಟಕಿಗಳಿವೆ ಅಂತ ತಿಳಿಯಿರಿ. 415, 445, 480, 515, 555, 590, 630, 680 ನ್ಯಾನೋಮೀಟರ್, ನೇರಳೆಯಿಂದ ಕಡುಗೆಂಪಿನವರೆಗೆ. ಒಂದೊಂದು ಕಿಟಕಿಗೂ ಒಂದೊಂದು ಬಣ್ಣದ ಸೋಸುವ ಪರದೆ. ಆ ಬಣ್ಣ ಎಷ್ಟು ಬಂತು ಅಂತ ಪ್ರತಿ ಕಿಟಕಿಯೂ ಒಂದು ಅಂಕೆ ಕೊಡುತ್ತದೆ. ಅದನ್ನು ಆರ್ಡುಯಿನೊದಂಥ ಚಿಕ್ಕ ಬೋರ್ಡಿಗೆ ಜೋಡಿಸಿದರೆ ಎಂಟು ಅಂಕೆಗಳು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಎಂಟು ಕಂಬಗಳಾಗಿ ಕಾಣುತ್ತವೆ. ಯಾವ ಕಂಬ ಎತ್ತರ, ಯಾವುದು ಗಿಡ್ಡ ಅಂತ ಅಕ್ಷರ ಬಾರದವರೂ ಹೇಳಬಹುದು.

ನಮಗೆ ಇದನ್ನು ಜೋಡಿಸಿಕೊಟ್ಟಿದ್ದು ಸದಸ್ಯೆಯೊಬ್ಬರ ಮಗಳು. ಪಾಲಿಟೆಕ್ನಿಕ್‌ನಲ್ಲಿ ಓದುತ್ತಾಳೆ. ಅವಳೂ ಅವಳ ಗೆಳತಿಯೂ ಒಂದು ಭಾನುವಾರ ಪೂಜೆ ಮುಗಿಸಿಕೊಂಡು ನಮ್ಮ ಕೋಣೆಗೆ ಬಂದರು. ಸಂಘದ ಸಾಲದಿಂದ ಫೀಸು ಕಟ್ಟಿ ಓದಿದ ಹುಡುಗಿ ಸಂಘಕ್ಕೇ ಪಾಠ ಮಾಡಿದಳು. ಇದಕ್ಕಿಂತ ಬೇರೆ ಬಡ್ಡಿ ಏನು ಬೇಕು ಹೇಳಿ?

ಅಳೆದಾಗ ಕಂಡದ್ದು

ಮೊದಲು ಅಂಗಳದಲ್ಲಿ, ನೇರ ಬಿಸಿಲು ಬೀಳದ ತೆರೆದ ಜಾಗದಲ್ಲಿ ಅಳೆದೆವು. ಆ ಎಂಟು ಅಂಕೆಗಳೇ ನಮ್ಮ ಅಳತೆಗೋಲು. ಅವುಗಳನ್ನು ಪೂರ್ತಿ ಸೇರು ಅಂತ ಇಟ್ಟುಕೊಂಡು, ಉಳಿದ ಬೆಳಕುಗಳಲ್ಲಿ ಯಾವ ಬಣ್ಣ ಎಷ್ಟು ಪಾಲು ಇದೆ ಅಂತ ಹೋಲಿಸಿದೆವು.

ಹಗಲು ಕಿಟಕಿಯ ಪಕ್ಕ: ಎಂಟೂ ಕಂಬಗಳು ಹೆಚ್ಚುಕಡಿಮೆ ಒಂದೇ ಎತ್ತರ, ಸಾಲಾಗಿ ನಿಂತ ಮಕ್ಕಳ ಹಾಗೆ.

ಹಳೆಯ ತಂತಿ ಬಲ್ಬು: ನೀಲಿಯ ಕಡೆ ಗಿಡ್ಡ, ಕೆಂಪಿನ ಕಡೆಗೆ ಏರುತ್ತಾ ಹೋಗುವ ಮೆಟ್ಟಿಲು.

ನಾವು ಕೊಡಿಸಿದ ಎಲ್‌ಇಡಿ: ನೀಲಿ 445ರ ಕಂಬ ಎತ್ತರಕ್ಕೆ ನಿಂತಿತ್ತು. ಪಕ್ಕದ 480ರಲ್ಲಿ ಹಳ್ಳ. ಹಸಿರು-ಹಳದಿಯಲ್ಲಿ ಮತ್ತೆ ಗುಡ್ಡ. 630ರಲ್ಲಿ ಇಳಿಜಾರು. 680ರ ಕಡುಗೆಂಪು ಕಂಬ ನೆಲಕ್ಕೆ ಅಂಟಿಕೊಂಡಿತ್ತು.

ಆಗ ಆ ಕೋಣೆಯಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. 'ಅಕ್ಕನಿಗೆ ಬಣ್ಣ ಗೊತ್ತಾಗೋದಿಲ್ಲ' ಅಂದಿದ್ದ ಸಹೋದರಿಯೇ ಎದ್ದು ಅಕ್ಕನ ಪಕ್ಕ ಹೋಗಿ ಕೂತರು. ಕ್ಷಮೆ ಕೇಳಿದ್ದು ನಮಗೆ ಕೇಳಿಸಲಿಲ್ಲ, ಆದರೆ ಕೇಳಿದರು ಅಂತ ಗೊತ್ತಾಯಿತು. ಉಳಿತಾಯ ವಾಪಸ್ಸು ಕೇಳಿದ ಮಾತು ಅಲ್ಲಿಗೇ ಮುಗಿಯಿತು.

ಅಕ್ಕ ಕೊನೆಗೆ ಒಂದು ಮಾತು ಹೇಳಿದರು. 'ನಮ್ಮ ಅವ್ವ ಸೀರೆ ಅಂಗಡಿಗೆ ಹೋದ್ರೆ, ಸೀರೇನ ಬಾಗಿಲಿಗೆ ತಂದು ಬಿಸಿಲಲ್ಲಿ ನೋಡಿಯೇ ದುಡ್ಡು ಕೊಡ್ತಿದ್ರು. ಅಂಗಡಿಯವರು ನಗ್ತಿದ್ರು.' ನೋಡಿದಿರಾ ಸಹೋದರಿಯರೇ? ನಮ್ಮ ತಾಯಂದಿರಿಗೆ ಈ ವಿದ್ಯೆ ಗೊತ್ತಿತ್ತು. ಸೆನ್ಸರ್ ಹೊಸದಾಗಿ ಹೇಳಿಕೊಟ್ಟದ್ದು ಏನೂ ಇಲ್ಲ. ಗೊತ್ತಿದ್ದದ್ದನ್ನು ಅಂಕೆಯಲ್ಲಿ ಬರೆದುಕೊಟ್ಟಿತು. ಅಂಕೆ ಇದ್ದರೆ ಅಂಗಡಿಯವರ ಮುಂದೆಯೂ ನಮ್ಮ ಸಂಸ್ಥೆಯ ಮುಂದೆಯೂ ನೀವು ಧೈರ್ಯವಾಗಿ ಮಾತಾಡಬಹುದು.

ಸೆನ್ಸರನ್ನು ಕಣ್ಣುಮುಚ್ಚಿ ನಂಬಬೇಡಿ

ಇದು ಅಗ್ಗದ ಸಾಧನ, ಅದರ ಮಿತಿಯೂ ತಿಳಿದಿರಬೇಕು. ಎಂಟೇ ಕಿಟಕಿ ಇರುವುದರಿಂದ ಟ್ಯೂಬ್‌ಲೈಟಿನ ಸಣ್ಣ ಗೆರೆಗಳ ನಿಜವಾದ ಎತ್ತರ ಅದಕ್ಕೆ ಗೊತ್ತಾಗುವುದಿಲ್ಲ. ಪ್ರಯೋಗಾಲಯದ ಯಂತ್ರದ ಹಾಗೆ ಸರಿಯಾದ ಸಿ.ಆರ್.ಐ. ಅಂಕವನ್ನು ಅದು ಹೇಳಲಾರದು. ಆದರೆ ಎರಡು ದೀಪಗಳಲ್ಲಿ ಯಾವುದರಲ್ಲಿ ಕೆಂಪು ಜಾಸ್ತಿ ಅಂತ ಹೋಲಿಸಲು ಧಾರಾಳ ಸಾಕು. ಅಳೆಯುವಾಗ ಬೇರೆ ದೀಪಗಳನ್ನು ಆರಿಸಿರಬೇಕು. ಪ್ರತಿ ಸಲ ಒಂದೇ ದೂರ, ಒಂದೇ ಜಾಗ ಇರಬೇಕು. ಬಣ್ಣದ ಗೋಡೆಯ ಪಕ್ಕ ಹಿಡಿಯಬಾರದು, ಗೋಡೆಯ ಬಣ್ಣವೂ ಸೇರಿಕೊಳ್ಳುತ್ತದೆ. ನೇರ ಬಿಸಿಲಿಗೆ ಹಿಡಿದರೆ ಬೆಳಕು ಹೆಚ್ಚಾಗಿ ಅಂಕೆ ತಪ್ಪಾಗಬಹುದು.

ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆ್ಯಪ್‌ಗಳಿವೆ. ಒಂದು ಮೊಬೈಲಿಗೂ ಇನ್ನೊಂದಕ್ಕೂ ಅಂಕೆ ಬೇರೆ ಬರುತ್ತದೆ. ಆದ್ದರಿಂದ ಒಂದೇ ಮೊಬೈಲಿನಲ್ಲಿ ಎರಡು ಜಾಗ ಹೋಲಿಸಲಿಕ್ಕೆ ಮಾತ್ರ ಬಳಸಿ. ಅದು ಎಷ್ಟು ಅಂತ ಹೇಳುತ್ತದೆ, ಎಂಥದ್ದು ಅಂತ ಹೇಳುವುದಿಲ್ಲ.

ಖರ್ಚಿಲ್ಲದ ಮೂರು ಪರೀಕ್ಷೆ

ಸೆನ್ಸರ್ ಸಿಗುವವರೆಗೆ ಕಾಯಬೇಕಾಗಿಲ್ಲ. ಇವತ್ತು ರಾತ್ರಿಯೇ ಮನೆಯಲ್ಲಿ ಮಾಡಿ ನೋಡಿ.

ಒಂದು, ಸಿ.ಡಿ. ಪರೀಕ್ಷೆ. ಹಳೆಯ ಸಿ.ಡಿ.ಯ ಹೊಳೆಯುವ ಬದಿಯಲ್ಲಿ ದೀಪದ ಪ್ರತಿಬಿಂಬ ಬೀಳುವ ಹಾಗೆ ಓರೆಯಾಗಿ ಹಿಡಿಯಿರಿ. ಅದರ ಮೇಲಿನ ಸೂಕ್ಷ್ಮ ಗೀರುಗಳು ಬೆಳಕನ್ನು ಕಾಮನಬಿಲ್ಲಾಗಿ ಬಿಡಿಸುತ್ತವೆ. ತಂತಿ ಬಲ್ಬಿಗೆ ಬಣ್ಣ ಸಾಲಾಗಿ ಬರುತ್ತದೆ, ಸಿಎಫ್‌ಎಲ್‌ಗೆ ಬಿಡಿಬಿಡಿಯಾಗಿ, ಎಲ್‌ಇಡಿಗೆ ನೀಲಿಯ ಪಕ್ಕ ಒಂದು ಮಬ್ಬು ಜಾಗ ಕಾಣುತ್ತದೆ. ಸೂರ್ಯನ ಬೆಳಕಿಗೆ ಮಾತ್ರ ಸಿ.ಡಿ. ಹಿಡಿದು ನೋಡಬೇಡಿ, ಕಣ್ಣಿಗೆ ಅಪಾಯ. ಇದು ಆಟ ಅಂತ ತಿಳಿಯಬೇಡಿ. ಸರ್ ಸಿ. ವಿ. ರಾಮನ್ 1928ರ ಫೆಬ್ರುವರಿ 28ರಂದು ತಮ್ಮ ಹೆಸರಿನ ಪರಿಣಾಮವನ್ನು ಕಂಡದ್ದು ಕೈಯಲ್ಲಿ ಹಿಡಿಯುವ ಒಂದು ಚಿಕ್ಕ ವರ್ಣಪಟಲದರ್ಶಕದಲ್ಲಿ. 1930ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಮುಂದೆ ಅವರು ನಮ್ಮ ಬೆಂಗಳೂರಿನಲ್ಲೇ ನೆಲೆಸಿದರು.

ಎರಡು, ಪೆನ್ಸಿಲ್ ಪರೀಕ್ಷೆ. ದೀಪದ ಅಡಿ ಪೆನ್ಸಿಲನ್ನು ಬೇಗ ಬೇಗ ಅತ್ತಿತ್ತ ಆಡಿಸಿ. ಒಂದೇ ಮಸುಕಾಗಿ ಕಂಡರೆ ಒಳ್ಳೆಯದು. ಬೇರೆ ಬೇರೆ ಪೆನ್ಸಿಲುಗಳು ನಿಂತ ಹಾಗೆ ಕಂಡರೆ ಆ ದೀಪ ಮಿನುಗುತ್ತಿದೆ ಅಂತ ಅರ್ಥ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು, ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ. ಕಣ್ಣಿಗೆ ಗೊತ್ತಾಗದಿದ್ದರೂ ಕೆಲವರಿಗೆ ತಲೆನೋವು ಬರುತ್ತದೆ. ಓಡುವ ಯಂತ್ರದ ಚಕ್ರ ನಿಧಾನವಾಗಿ ತಿರುಗಿದ ಹಾಗೆ ಕಂಡು ಮೋಸವಾಗಬಹುದು. ಹೊಲಿಗೆ ಯಂತ್ರದ ಹತ್ತಿರ ಅಂಥ ದೀಪ ಬೇಡ.

ಮೂರು, ನಮ್ಮ ಅವ್ವಂದಿರ ಪರೀಕ್ಷೆ. ಮರೂನ್, ಕಾಫಿಪುಡಿ, ಕಡುನೀಲಿ, ಕಪ್ಪು, ಗಿಳಿ ಹಸಿರು, ರಾಮಾ ಗ್ರೀನ್ ಹೀಗೆ ಹತ್ತು ದಾರಗಳನ್ನು ಒಂದು ರಟ್ಟಿಗೆ ಸುತ್ತಿ ಇಟ್ಟುಕೊಳ್ಳಿ. ಹಗಲಲ್ಲಿ ಒಮ್ಮೆ, ರಾತ್ರಿ ದೀಪದಡಿ ಒಮ್ಮೆ ನೋಡಿ. ಯಾವ ಎರಡು ದಾರ ರಾತ್ರಿ ಒಂದೇ ಆಗುತ್ತವೋ, ನಿಮ್ಮ ದೀಪ ಅಲ್ಲಿ ಸುಳ್ಳು ಹೇಳುತ್ತಿದೆ.

ಸಂಘಗಳು ಏನು ಮಾಡಬಹುದು?

ಆ ಸಂಘದವರು ನಿರ್ಣಯ ಪುಸ್ತಕದಲ್ಲಿ ಬರೆದುಕೊಂಡದ್ದನ್ನೇ ನಿಮಗೂ ಹೇಳ್ತೀವಿ.

ಬಣ್ಣ ಹೊಂದಿಸುವ ಕೆಲಸ ಹಗಲಲ್ಲೇ ಆಗಬೇಕು, ಇಬ್ಬರು ನೋಡಬೇಕು. ಕಟ್ಟುವ, ಹೊಲಿಯುವ ಕೆಲಸ ರಾತ್ರಿ ಆದರೆ ತೊಂದರೆ ಇಲ್ಲ.

ಎಲ್ಲ ದೀಪ ಬದಲಾಯಿಸುವ ಅಗತ್ಯ ಇಲ್ಲ. ಸಿ.ಆರ್.ಐ. 90ಕ್ಕಿಂತ ಹೆಚ್ಚು ಅಂತ ಬರೆದಿರುವ ಒಂದು ದೀಪ ಕೆಲಸದ ಮೇಜಿಗೆ ಸಾಕು. ಸಾಮಾನ್ಯ ದೀಪಕ್ಕಿಂತ ಬೆಲೆ ಹೆಚ್ಚು. ಕೊಳ್ಳುವಾಗ ದಾರದ ರಟ್ಟು ಜೊತೆಗೆ ತೆಗೆದುಕೊಂಡು ಹೋಗಿ, ದೀಪ ಹಚ್ಚಿಸಿ ನೋಡಿ. ಸಂಘದ ದುಡ್ಡು, ನಾಚಿಕೆ ಬೇಡ.

ದೀಪವನ್ನು ಕೆಲಸದ ಹತ್ತಿರ ತನ್ನಿ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಎರಡು ಮೀಟರ್ ಮೇಲಿದ್ದ ಬಲ್ಬನ್ನು ಅರ್ಧ ಮೀಟರಿಗೆ ತಂದರೆ ಹದಿನಾರು ಪಟ್ಟು. ಒಂದು ಪೈಸೆ ಕರೆಂಟು ಹೆಚ್ಚಿಲ್ಲ. ಆದರೆ ಬಲ್ಬು ನೇರ ಕಣ್ಣಿಗೆ ಹೊಡೆಯದ ಹಾಗೆ ಮರೆ ಕಟ್ಟಿ.

ಹತ್ತಿರದ ಪಾಲಿಟೆಕ್ನಿಕ್, ಐಟಿಐ ಅಥವಾ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಹೈಸ್ಕೂಲಿನ ವಿಜ್ಞಾನ ಶಿಕ್ಷಕರನ್ನು ಕೇಳಿ. ಸೆನ್ಸರ್ ಜೋಡಿಸುವುದು ಮಕ್ಕಳಿಗೆ ಒಳ್ಳೆಯ ಪ್ರಾಜೆಕ್ಟ್, ನಿಮಗೆ ಒಳ್ಳೆಯ ಸಹಾಯ. ಒಂದು ಸಂಘ ಒಬ್ಬಂಟಿಯಾಗಿ ಕೊಳ್ಳಬೇಕಾಗಿಲ್ಲ, ಒಕ್ಕೂಟಕ್ಕೆ ಒಂದು ಇದ್ದರೆ ಸರದಿಯ ಮೇಲೆ ಬಳಸಬಹುದು.

ಕೊನೆಯದಾಗಿ, ಕಣ್ಣು. ನಲವತ್ತು ದಾಟಿದರೆ ಚಾಳೀಸು ಬರುತ್ತದೆ. ವಯಸ್ಸಾದಂತೆ ಕಣ್ಣೊಳಗೆ ಹೋಗುವ ಬೆಳಕು ಕಡಿಮೆಯಾಗುತ್ತದೆ, ಮಸೂರ ಹಳದಿಯಾಗುತ್ತದೆ. ದೀಪ ಎಷ್ಟು ಒಳ್ಳೆಯದಾದರೂ ಕನ್ನಡಕದ ಕೆಲಸ ಅದು ಮಾಡುವುದಿಲ್ಲ. ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ. ಆದರೆ ಪರೀಕ್ಷೆ ಮಾಡಿಸದೆ ಇನ್ನೊಬ್ಬರ ಕಣ್ಣಿನ ಬಗ್ಗೆ ತೀರ್ಪು ಕೊಡಬೇಡಿ.

ಪ್ರೀತಿಯ ಸಹೋದರಿಯರೇ, ಸಂಘದಲ್ಲಿ ಕೆಲಸ ಕೆಡುವುದು ಇದ್ದದ್ದೇ. ಲೆಕ್ಕ ತಾಳೆಯಾಗುವುದಿಲ್ಲ, ಹಪ್ಪಳ ಕಪ್ಪಾಗುತ್ತದೆ, ಉಪ್ಪಿನಕಾಯಿಗೆ ಬೂಸಲು ಬರುತ್ತದೆ, ಸೀರೆ ವಾಪಸ್ಸು ಬರುತ್ತದೆ. ಆಗೆಲ್ಲ ನಮ್ಮ ಬೆರಳು ಬೇಗನೆ ಒಬ್ಬ ಹೆಂಗಸಿನ ಕಡೆಗೆ ತಿರುಗುತ್ತದೆ, ಅದರಲ್ಲೂ ವಯಸ್ಸಾದವಳ ಕಡೆಗೆ, ಓದು ಬಾರದವಳ ಕಡೆಗೆ. ಬೆರಳು ತೋರಿಸುವ ಮೊದಲು ಅಳೆಯೋಣ. ಆ ಕಥೆಯ ಹೆಂಗಸು ಬೈಯುವ ಮೊದಲು ದೀಪ ಹಚ್ಚಿದಳು. ನಾವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆ ದೀಪ ಎಂಥದ್ದು ಅಂತಲೂ ನೋಡೋಣ. ಆ ಸಂಘದವರಿಗೆ ಕಳೆದುಹೋಗಲಿದ್ದ ಒಂದು ನಾಣ್ಯ ವಾಪಸ್ಸು ಸಿಕ್ಕಿತು. ಅದು ದುಡ್ಡಲ್ಲ, ಅಕ್ಕ. ಈಗ ಬಣ್ಣ ಹೊಂದಿಸುವ ಇಬ್ಬರಲ್ಲಿ ಅವರೇ ಒಬ್ಬರು.

ಮುಂದಿನ ವಾರದ ಸಭೆಯಲ್ಲಿ ಈ ಮೂರು ಪ್ರಶ್ನೆ ಚರ್ಚಿಸಿ, ಉತ್ತರವನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ:

1. ನಾವು ಕೆಲಸಕ್ಕೆ ಕೂರುವ ಜಾಗದಲ್ಲಿ ದೀಪ ಎಷ್ಟು ದೂರದಲ್ಲಿದೆ? ಅದನ್ನು ಹತ್ತಿರ ತರಬಹುದೇ?

2. ದಾರದ ರಟ್ಟಿನ ಪರೀಕ್ಷೆಯಲ್ಲಿ ಯಾವ ಬಣ್ಣಗಳು ಬೆರೆತುಹೋದವು?

3. ಅಳೆದು ನೋಡದೆ ನಾವು ಯಾರ ಮೇಲಾದರೂ ತಪ್ಪು ಹೊರಿಸಿದ್ದೇವೆಯೇ? ಇದ್ದರೆ ಅವರನ್ನು ಹೇಗೆ ವಾಪಸ್ಸು ಕರೆಯುವುದು?

ದೇವರು ನಿಮ್ಮ ಕೈಕೆಲಸವನ್ನೂ ಕಣ್ಣುಗಳನ್ನೂ ಆಶೀರ್ವದಿಸಲಿ.